ಅಜ್ಜನ ಅಪ್ಪೆಮಿಡಿ ವಾಟೆಯಲ್ಲಿ ಏಕೆ ಮರಳಿ ಬರಲಿಲ್ಲ?

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಹಳ್ಳಿ. ತೋಟದ ಕೆಳಗಿನ ಹಳ್ಳದ ಅಂಚಿನಲ್ಲಿ ಅಜ್ಜನ ಕಾಲದ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿ ಮಾವಿನ, ಮರವೊಂದಿದೆ. ಜೀರಿಗೆಯ ಪರಿಮಳ, ಉದ್ದ ತೊಟ್ಟು, ಮುರಿದರೆ ಚಿಮ್ಮುವ ಸೊನೆ. ಉಪ್ಪಿನಲ್ಲಿ ಹಾಕಿದ ಮಿಡಿ ಮೂರನೆಯ ವರ್ಷಕ್ಕೂ ಗಟ್ಟಿಯಾಗಿಯೇ ಇರುತ್ತದೆ. ಹದಿನಾರು ವರ್ಷಗಳ ಹಿಂದೆ ಆ ಮರದ ಹಣ್ಣಿನ ಹನ್ನೊಂದು ವಾಟೆಗಳನ್ನು (ಗೊರಟೆಗಳನ್ನು) ಹುಗಿದೆ. ಒಂದೊಂದು ವಾಟೆಯಿಂದ ಒಂದೊಂದೇ ಮೊಳಕೆ ಬಂತು. ಎಂಟು ಗಿಡ ಉಳಿದು ಮರವಾಗಿ ಈಗ ಕಾಯಿ ಕೊಡುತ್ತಿವೆ. ಒಂದೂ ಅಜ್ಜನ ಮರದ ಹಾಗಿಲ್ಲ. ಒಂದಕ್ಕೆ ಪರಿಮಳವಿದೆ, ಆದರೆ ಮಿಡಿ ಆರು ತಿಂಗಳಿಗೇ ಮೆತ್ತಗಾಗುತ್ತದೆ. ಇನ್ನೊಂದು ಕಲ್ಲಿನಂತೆ ಗಟ್ಟಿ, ಪರಿಮಳವೇ ಇಲ್ಲ. ಮಣ್ಣು ಸರಿಯಿಲ್ಲ ಎನ್ನುತ್ತಾರೆ ಕೆಲವರು, ಬೀಜ ಕೆಟ್ಟಿದೆ ಎನ್ನುತ್ತಾರೆ ಇನ್ನು ಕೆಲವರು. ಅಡಿಕೆ ಸಸಿ ತಾಯಿಮರದ ಹಾಗೆಯೇ ಬರುತ್ತದಲ್ಲ, ಮಾವು ಏಕೆ ಹೀಗೆ? ಮೂಲ ಮರ ಈಗ ಹಳ್ಳದ ಕಡೆಗೆ ವಾಲಿದೆ, ಒಂದೇ ಹರೆ ಹಸಿರಾಗಿ ಉಳಿದಿದೆ. ಇನ್ನೊಂದು ಮಾತು, ಕೇಳಬಹುದೋ ಇಲ್ಲವೋ ತಿಳಿಯದು. ನನ್ನ ಅಕ್ಕನ ಎರಡನೆಯ ಮಗುವಿಗೆ ಡೌನ್ ಸಿಂಡ್ರೋಮ್ ಇದೆ. "ಹೆಣ್ಣಿನ ಕಡೆಯ ಬೀಜದ ದೋಷ" ಎಂಬ ಮಾತು ಕೇಳಿ ಕೇಳಿ ಅವಳು ನೊಂದಿದ್ದಾಳೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ:

ಮಣ್ಣೂ ಕೆಟ್ಟಿಲ್ಲ, ಬೀಜವೂ ಕೆಟ್ಟಿಲ್ಲ. ನಿಮ್ಮ ಎಂಟು ಮರಗಳೂ ವಾಟೆಯಿಂದ ಹೇಗೆ ಬರಬೇಕೋ ಹಾಗೆಯೇ ಬಂದಿವೆ. ಅಜ್ಜನ ಮರ ತನ್ನನ್ನೇ ವಾಟೆಯೊಳಗೆ ಇಟ್ಟು ಕೊಡಲಿಲ್ಲ, ಹೆಚ್ಚಿನ ಮರಗಳಿಗೆ ಅದು ಸಾಧ್ಯವಿಲ್ಲ. ತನ್ನಲ್ಲಿದ್ದುದರ ಅರ್ಧವನ್ನು, ಅದೂ ಪ್ರತಿ ಸಲ ಕಲಸಿ ಹೊಸದಾಗಿ ಪಾಲು ಮಾಡಿದ ಅರ್ಧವನ್ನು, ಒಂದೊಂದು ವಾಟೆಗೆ ಒಂದೊಂದು ರೀತಿಯಲ್ಲಿ ಕೊಟ್ಟಿತು. ಉಳಿದ ಅರ್ಧ ಊರಿನ ಯಾವುದೋ ಮಾವಿನ ಮರದಿಂದ ನೊಣದ ಮೈಗೆ ಅಂಟಿ ಬಂತು. ನಿಮ್ಮ ಅಕ್ಕನ ಪ್ರಶ್ನೆಯನ್ನೂ ಖಂಡಿತ ಕೇಳಬಹುದು, ಕೇಳಲೇಬೇಕಾದದ್ದು ಅದು. ಮೊದಲು ಈ ಪಾಲಿನ ಕ್ರಮ ಅರ್ಥವಾದರೆ ಅದರ ಉತ್ತರವೂ ಸ್ಪಷ್ಟವಾಗುತ್ತದೆ, ಹಾಗಾಗಿ ಮಾವಿನಿಂದಲೇ ಹೊರಡುತ್ತೇನೆ.

ಬಹಳ ಮಂದಿ ಎಡವುವ ಜಾಗ ಒಂದಿದೆ. ಅಜ್ಜನ ಮರದ ಒಂದು ಗೊಂಚಲಿನಲ್ಲಿ ನಾಲ್ಕು ಮಿಡಿ ಇವೆ ಎನ್ನಿ. ನಾಲ್ಕಕ್ಕೂ ಒಂದೇ ಪರಿಮಳ, ಒಂದೇ ಹುಳಿ. ಆದ್ದರಿಂದ ಒಳಗಿನ ವಾಟೆಗಳೂ ಒಂದೇ ಎಂದು ನಮಗೆ ತೋರುತ್ತದೆ. ಆದರೆ ನಾವು ಉಪ್ಪಿನಲ್ಲಿ ಹಾಕುವ ತಿರುಳು, ಸಿಪ್ಪೆ, ಸೊನೆ ಎಲ್ಲವೂ ತಾಯಿಮರದ ಮೈಯೇ. ಹೂವಿನ ಅಂಡಾಶಯದ ಗೋಡೆ ಬೆಳೆದು ತಿರುಳಾಗುತ್ತದೆ. ಪರಾಗ ಎಲ್ಲಿಂದ ಬಂದರೂ ತಿರುಳು ತಾಯಿಯದೇ. ಹೊಸ ಜೀವ ಇರುವುದು ಒಳಗಿನ ವಾಟೆಯಲ್ಲಿ ಮಾತ್ರ. ಮಾವಿನ ಒಂದು ಹೂವಿಗೆ ಒಂದೇ ಅಂಡಕ (ಬೀಜವಾಗಿ ಬೆಳೆಯುವ ಭಾಗ), ಒಂದು ಕಾಯಿಗೆ ಒಂದೇ ವಾಟೆ. ಹಾಗಾಗಿ ಒಂದೇ ಗೊಂಚಲಿನ ನಾಲ್ಕು ವಾಟೆಗಳು ಒಂದೇ ಮನೆಯ ನಾಲ್ಕು ಮಕ್ಕಳಿದ್ದ ಹಾಗೆ. ಆ ನಾಲ್ವರ ತಂದೆಯೂ ಒಬ್ಬನೇ ಆಗಿರಬೇಕೆಂದಿಲ್ಲ.

ಪ್ರತಿ ಜೀವಕೋಶದ ನಡುವೆ ಒಂದು ಕೋಶಕೇಂದ್ರ, ಅದರೊಳಗೆ ದಾರದಂಥ ವರ್ಣತಂತುಗಳು. ಮಾವಿನಲ್ಲಿ ಇವು 40. ಅಂದರೆ 20 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಆ ಮರದ ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ನಮ್ಮ ಕಡೆ ಹೆಂಗಸರು ಬಾಳೆನಾರಿನಲ್ಲಿ ಕಟ್ಟುವ ಹೂದಂಡೆಯನ್ನು ನೆನಪಿಸಿಕೊಳ್ಳಿ. ಒಂದು ವರ್ಣತಂತು ಎಂದರೆ ಒಂದು ದಂಡೆ. ಜೋಡಿಯ ಎರಡೂ ದಂಡೆಗಳಲ್ಲಿ ಹೂವಿನ ಜಾಗಗಳು ಅಷ್ಟೇ, ಕ್ರಮವೂ ಅದೇ. ಐದನೆಯ ಜಾಗ ಪರಿಮಳದ್ದಾದರೆ ಎರಡರಲ್ಲೂ ಐದನೆಯ ಜಾಗ ಪರಿಮಳದ್ದೇ. ಆದರೆ ಆ ಜಾಗದಲ್ಲಿ ಒಂದು ದಂಡೆಗೆ ಮಲ್ಲಿಗೆ ಕಟ್ಟಿರಬಹುದು, ಇನ್ನೊಂದಕ್ಕೆ ವಾಸನೆಯಿಲ್ಲದ ಅಬ್ಬಲಿಗೆ. ಈ ಜಾಗವನ್ನು ನಾವು ಜೀನ್ ಅಥವಾ ವಂಶವಾಹಿ ಎನ್ನುತ್ತೇವೆ. ಅಲ್ಲಿ ಕಟ್ಟಿರುವ ಹೂವು ಯಾವುದು ಎಂಬುದರ ಮೇಲೆ ಗುಣ ನಿಲ್ಲುತ್ತದೆ.

ಮರ ಬೆಳೆಯುವಾಗ, ಎಲೆ ಚಿಗುರುವಾಗ, ಕೋಶ ಎರಡಾಗುತ್ತದೆ. ಆಗ ನಲವತ್ತೂ ದಂಡೆಗಳ ಪ್ರತಿ ಮಾಡಿ ಎರಡೂ ಮರಿಕೋಶಗಳಿಗೆ ಪೂರ್ತಿ ನಲವತ್ತನ್ನು ಕೊಡುತ್ತದೆ. ಆದ್ದರಿಂದಲೇ ಬೇರಿನಿಂದ ತುದಿಯವರೆಗೆ ಮರ ಒಂದೇ. ಹೂವಿನೊಳಗೆ ಮಾತ್ರ ಬೇರೆಯೇ ವಿಭಜನೆ ನಡೆಯುತ್ತದೆ. ಶಾಲೆಯ ಪುಸ್ತಕದಲ್ಲಿ ಇದನ್ನು ಮಿಯಾಸಿಸ್ ಎಂದು ಓದಿರುತ್ತೀರಿ. ನಲವತ್ತು ಇದ್ದದ್ದು ಇಪ್ಪತ್ತಾಗುವ ವಿಭಜನೆ. ಹೀಗೆ ಅರ್ಧವಾಗದಿದ್ದರೆ ತಂದೆಯ ನಲವತ್ತು, ತಾಯಿಯ ನಲವತ್ತು ಕೂಡಿ ಮಗುವಿಗೆ ಎಂಬತ್ತು, ಮೊಮ್ಮಗುವಿಗೆ ನೂರಅರವತ್ತು ಆಗಬೇಕಿತ್ತು. ಅರ್ಧ ಮಾಡುವ ಇಂಥದೊಂದು ವಿಭಜನೆ ಇರಲೇಬೇಕು ಎಂದು ಜರ್ಮನಿಯ ಆಗಸ್ಟ್ ವೈಸ್‌ಮನ್ 1880ರ ದಶಕದಲ್ಲೇ ತರ್ಕಿಸಿದ್ದರು.

ಇದನ್ನು ನಾನು ಕಣ್ಣಾರೆ ತೋರಿಸಲು ಬಳಸುತ್ತಿದ್ದದ್ದು ಕುಮಟಾದ ಸಿಹಿ ಈರುಳ್ಳಿ. ಹೆದ್ದಾರಿಯ ಬದಿಯಲ್ಲಿ ಬೇಸಿಗೆಯಲ್ಲಿ ಗೊಂಚಲು ಕಟ್ಟಿ ತೂಗುಹಾಕುತ್ತಾರಲ್ಲ, ಅದೇ. ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದ್ದೇನೆ. ಪ್ರತಿ ವರ್ಷ ನಾಲ್ಕು ಗಡ್ಡೆಗಳನ್ನು ಕುಂಡದಲ್ಲಿ ನೆಟ್ಟು ಹೂವಿಗಾಗಿ ಕಾಯುತ್ತಿದ್ದೆ. ಮಾವಿನ ವರ್ಣತಂತುಗಳು ತೀರಾ ಚಿಕ್ಕವು, ಕಲಿಯುವವರ ಕಣ್ಣಿಗೆ ಸಿಕ್ಕುವುದಿಲ್ಲ. ಈರುಳ್ಳಿಯವು ದೊಡ್ಡವು, ಎಣಿಕೆಯೂ ಸುಲಭ: 16, ಅಂದರೆ 8 ಜೋಡಿ. ಹೂಗೊಂಡೆಯ ಪೊರೆ ಇನ್ನೇನು ಒಡೆಯಬೇಕು ಎನ್ನುವಾಗ ಬೆಳಿಗ್ಗೆ ಕೊಯ್ದು, ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದ ದ್ರಾವಣದಲ್ಲಿ ಒಂದು ದಿನ ಇಡಬೇಕು. ಅಕ್ಕಿಕಾಳಿಗಿಂತ ಚಿಕ್ಕ ಮೊಗ್ಗನ್ನು ಸೂಜಿಯಿಂದ ಬಿಡಿಸಿದರೆ ಪರಾಗಕೋಶಗಳು ಸಿಗುತ್ತವೆ. ಅವು ಹಳದಿಯಾಗಿದ್ದರೆ ತಡವಾಯಿತು, ಪರಾಗ ಆಗಲೇ ಕಟ್ಟಿದೆ. ನೀರಿನ ಹಾಗೆ ತೆಳುವಾಗಿ ಪಾರದರ್ಶಕವಾಗಿದ್ದರೆ ಸರಿಯಾದ ಹೊತ್ತು. ಗಾಜಿನ ಮೇಲೆ ಒಂದು ಹನಿ ಅಸಿಟೋಕಾರ್ಮೈನ್ ಬಣ್ಣ, ತುಕ್ಕು ಹಿಡಿದ ಕಬ್ಬಿಣದ ಸೂಜಿಯಿಂದ ಒಂದಿಷ್ಟು ಕೆದಕಿದರೆ ಬಣ್ಣ ಗಾಢವಾಗುತ್ತದೆ. ಮೇಲೆ ತೆಳುಗಾಜು ಮುಚ್ಚಿ, ಹೆಬ್ಬೆರಳಿನಿಂದ ಅಲುಗಾಡದಂತೆ ಒತ್ತಬೇಕು.

ಆಗ ಸೂಕ್ಷ್ಮದರ್ಶಕದಲ್ಲಿ ಕಾಣುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ತಿಳಿ ಗುಲಾಬಿ ಕೋಶದ ನಡುವೆ ಕಡುಗೆಂಪಾದ ಎಂಟು ಆಕೃತಿಗಳು. ಕೆಲವು ಉಂಗುರದಂತೆ ಮುಚ್ಚಿಕೊಂಡಿವೆ, ಕೆಲವು ಕಡ್ಡಿಯಂತೆ, ಕೆಲವು ಕತ್ತರಿಯ ಎರಡು ಅಲಗಿನಂತೆ ಅಡ್ಡಹಾಯ್ದಿವೆ. ಪ್ರತಿಯೊಂದೂ ಒಂದು ಜೋಡಿ: ತಾಯಿಯಿಂದ ಬಂದ ದಂಡೆ ಮತ್ತು ತಂದೆಯಿಂದ ಬಂದ ದಂಡೆ, ತಬ್ಬಿಕೊಂಡು ಕೋಶದ ನಡುಗೆರೆಯಲ್ಲಿ ನಿಂತಿವೆ. ಗಿಡದ ಇಡೀ ಬಾಳಿನಲ್ಲಿ ಈ ಎರಡು ದಂಡೆಗಳು ಹೀಗೆ ಒಂದನ್ನೊಂದು ಹುಡುಕಿ ಬಂದು ಕೂಡುವುದು ಇಲ್ಲಿ ಮಾತ್ರ. ಪಕ್ಕದ ಕೋಶದಲ್ಲಿ ಅವು ಬೇರ್ಪಟ್ಟು ಎಂಟೆಂಟಾಗಿ ಎರಡು ತುದಿಗೆ ಸರಿಯುತ್ತಿರುತ್ತವೆ. ಇನ್ನೊಂದರಲ್ಲಿ ಎಲ್ಲ ಮುಗಿದು ನಾಲ್ಕು ಮರಿಕೋಶಗಳು ಒಂದೇ ಪೊರೆಯೊಳಗೆ ಕೂತಿರುತ್ತವೆ. ಆ ನಾಲ್ಕೂ ನಾಲ್ಕು ಪರಾಗಕಣಗಳಾಗುತ್ತವೆ. ಅಂಡಕದ ಒಳಗೂ ಹೀಗೆಯೇ ನಾಲ್ಕಾಗುತ್ತದೆ, ಆದರೆ ಮೂರು ಬಾಡಿಹೋಗಿ ಒಂದೇ ಉಳಿಯುತ್ತದೆ. ಆ ಒಂದರಿಂದಲೇ ಅಂಡಕೋಶ.

ಈಗ ಪಾಲಿನ ಮಾತು. ಜೋಡಿಗಳು ನಡುಗೆರೆಯಲ್ಲಿ ನಿಲ್ಲುವಾಗ ಯಾವ ದಂಡೆ ಯಾವ ಕಡೆಗೆ ಮುಖ ಮಾಡಬೇಕು ಎಂಬ ನಿಯಮವಿಲ್ಲ. ಮೊದಲ ಜೋಡಿಯಲ್ಲಿ ತಾಯಿಯ ದಂಡೆ ಎಡಕ್ಕಿದ್ದರೆ ಎರಡನೆಯ ಜೋಡಿಯಲ್ಲಿ ಬಲಕ್ಕಿರಬಹುದು. ಒಂದು ಜೋಡಿ ಇನ್ನೊಂದರ ಮಾತು ಕೇಳುವುದಿಲ್ಲ. ಒಂದು ಜೋಡಿಗೆ ಎರಡು ಬಗೆ, ಎರಡು ಜೋಡಿಗೆ ನಾಲ್ಕು, ಮೂರಕ್ಕೆ ಎಂಟು. ಮಾವಿನ ಇಪ್ಪತ್ತು ಜೋಡಿಗೆ ಇಮ್ಮಡಿಸುತ್ತಾ ಹೋದರೆ 10,48,576 ಬಗೆ. ನಿಮ್ಮ ಅಜ್ಜನ ಒಂದೇ ಮರ ಹತ್ತು ಲಕ್ಷಕ್ಕೂ ಹೆಚ್ಚು ಬಗೆಯ ಅಂಡಗಳನ್ನು ಕೊಡಬಲ್ಲದು. ನೀವು ಹುಗಿದದ್ದು ಹನ್ನೊಂದು.

ಮೆಂಡೆಲ್ ಬಟಾಣಿಯಲ್ಲಿ ಲೆಕ್ಕಹಾಕಿ 1866ರಲ್ಲಿ ಪ್ರಕಟಿಸಿದ್ದೂ ಇದನ್ನೇ: ಒಂದು ಗುಣ ಇನ್ನೊಂದನ್ನು ಕಾಯದೆ ಸ್ವತಂತ್ರವಾಗಿ ಹಂಚಿಹೋಗುತ್ತದೆ. ಆದರೆ ಹಂಚುವ ಕೈ ಯಾವುದು ಎಂದು ಆತನಿಗೆ ತಿಳಿದಿರಲಿಲ್ಲ. ಅಮೆರಿಕದ ವಾಲ್ಟರ್ ಸಟನ್ ಎಂಬ ವಿದ್ಯಾರ್ಥಿ 1902 ಮತ್ತು 1903ರಲ್ಲಿ ಮಿಡತೆಯ ವೃಷಣದ ಕೋಶಗಳನ್ನು ನೋಡಿ, ವರ್ಣತಂತುಗಳ ನಡಿಗೆ ಮೆಂಡೆಲ್‌ನ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ ಎಂದು ಬರೆದರು. ಜರ್ಮನಿಯ ಥಿಯೊಡೋರ್ ಬೊವೇರಿಯೂ ಅದೇ ಕಾಲದಲ್ಲಿ ಅದೇ ತೀರ್ಮಾನಕ್ಕೆ ಬಂದಿದ್ದರು. ಗಿಡಗಳ ವರ್ಣತಂತು ಎಣಿಸುವ ಕೆಲಸದಲ್ಲಿ ನಮ್ಮ ಕರಾವಳಿಯ ಸಾಲಿನವರೇ ಆದ ತಲಶ್ಶೇರಿಯ ಜಾನಕಿ ಅಮ್ಮಾಳ್ ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಕೊಯಮತ್ತೂರಿನಲ್ಲಿ ಕಬ್ಬಿನ ವರ್ಣತಂತುಗಳ ಮೇಲೆ ದುಡಿದ ಅವರು, 1945ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಡಾರ್ಲಿಂಗ್ಟನ್ ಜೊತೆ ಸೇರಿ ಲೋಕದ ಕೃಷಿ ಸಸ್ಯಗಳ ವರ್ಣತಂತು ಸಂಖ್ಯೆಗಳನ್ನು ಒಂದೆಡೆ ತಂದರು.

ಈಗ ನಿಮ್ಮ ಎರಡು ಮರಗಳನ್ನು ನೋಡಿ: ಪರಿಮಳವಿದ್ದು ಮೆತ್ತಗಾಗುವುದು ಒಂದು, ಗಟ್ಟಿಯಿದ್ದು ಪರಿಮಳವಿಲ್ಲದ್ದು ಇನ್ನೊಂದು. ಅಜ್ಜನ ಮರದಲ್ಲಿ ಜೊತೆಗಿದ್ದ ಎರಡು ಗುಣಗಳು ಮಕ್ಕಳಲ್ಲಿ ಬೇರೆಯಾದವು. ಆ ಗುಣಗಳ ಜಾಗ ಬೇರೆ ಬೇರೆ ದಂಡೆಗಳಲ್ಲಿದ್ದರೆ ಇದು ಸಹಜ. ಒಂದು ಉದಾಹರಣೆ ಲೆಕ್ಕ ಹಾಕೋಣ. ಒಳ್ಳೆಯ ಮಿಡಿಗೆ ಐದು ಜಾಗಗಳಲ್ಲಿ ಮಲ್ಲಿಗೆ ಬೇಕು, ಅಜ್ಜನ ಮರದಲ್ಲಿ ಆ ಐದೂ ಜೋಡಿಗಳಲ್ಲಿ ಒಂದು ಮಲ್ಲಿಗೆ, ಒಂದು ಅಬ್ಬಲಿಗೆ ಇವೆ ಎಂದು ಇಟ್ಟುಕೊಳ್ಳಿ. ಒಂದು ಅಂಡಕ್ಕೆ ಐದೂ ಮಲ್ಲಿಗೆ ಸಿಗುವ ಸಾಧ್ಯತೆ 32ರಲ್ಲಿ ಒಂದು. ಪರಾಗ ಐದೂ ಜಾಗಗಳಿಗೆ ಅಬ್ಬಲಿಗೆಯನ್ನೇ ತಂದರೆ, ಅಜ್ಜನ ಮರದ ಹಾಗಾಗಲು ಅಂಡದಲ್ಲಿ ಆ ಐದೂ ಮಲ್ಲಿಗೆ ಇರಲೇಬೇಕು. ಹನ್ನೊಂದು ವಾಟೆಯಲ್ಲಿ ಸಿಗಲಿಲ್ಲ ಎಂದರೆ ಅದೃಷ್ಟ ಕೆಟ್ಟಿತ್ತು ಎಂದಲ್ಲ, ಲೆಕ್ಕವೇ ಹಾಗಿದೆ. ಇನ್ನು ಪರಿಮಳ, ತಿರುಳಿನ ಬಿಗಿ ಇಂಥ ಗುಣಗಳ ಹಿಂದೆ ಐದೇ ಜಾಗಗಳು ಇರುವುದೂ ಅಪರೂಪ.

ಒಂದೇ ದಂಡೆಯ ಮೇಲೆ ಎರಡು ಗುಣಗಳಿದ್ದರೆ? ಆಗ ಅವು ಸದಾ ಒಟ್ಟಿಗೆ ಹೋಗಬೇಕಲ್ಲವೇ? ಇಲ್ಲಿ ಈರುಳ್ಳಿಯಲ್ಲಿ ಕಂಡ ಕತ್ತರಿಯಾಕಾರಕ್ಕೆ ಬರುತ್ತೇನೆ. ಇಡೀ ವಿಷಯದಲ್ಲಿ ನನಗೆ ತುಂಬ ಪ್ರಿಯವಾದ ಭಾಗ ಇದು. ಜೋಡಿ ತಬ್ಬಿಕೊಳ್ಳುವ ಮೊದಲೇ ಪ್ರತಿ ದಂಡೆಯ ಒಂದು ಪ್ರತಿ ತಯಾರಾಗಿ ಮೂಲಕ್ಕೆ ಅಂಟಿಕೊಂಡಿರುತ್ತದೆ. ತಬ್ಬಿಕೊಂಡ ಮೇಲೆ ತಾಯಿಯ ಕಡೆಯ ಒಂದು ಎಳೆ, ತಂದೆಯ ಕಡೆಯ ಒಂದು ಎಳೆ ಸರಿಯಾಗಿ ಒಂದೇ ಜಾಗದಲ್ಲಿ ತುಂಡಾಗಿ, ಬಾಲಗಳು ಅದಲುಬದಲಾಗಿ ಮತ್ತೆ ಗಂಟುಬೀಳುತ್ತವೆ. ಅಂದರೆ ಆರಂಭದ ಹತ್ತು ಹೂ ತಾಯಿಯ ದಂಡೆಯವು, ಮುಂದಿನವು ತಂದೆಯ ದಂಡೆಯವು ಎಂಬಂಥ ಹೊಸ ದಂಡೆ ಹುಟ್ಟುತ್ತದೆ. ಹಿಂದೆ ಎಲ್ಲಿಯೂ ಇಲ್ಲದಿದ್ದ ದಂಡೆ ಅದು. ಇದನ್ನು ಅಡ್ಡಹಾಯುವಿಕೆ ಎನ್ನುತ್ತೇವೆ. ಎರಡು ಹೂಗಳು ದಂಡೆಯಲ್ಲಿ ಅಕ್ಕಪಕ್ಕದಲ್ಲಿದ್ದರೆ ಅವುಗಳ ನಡುವೆ ತುಂಡಾಗುವ ಸಾಧ್ಯತೆ ಕಡಿಮೆ, ಒಟ್ಟಿಗೇ ಪಯಣಿಸುತ್ತವೆ. ದೂರವಿದ್ದರೆ ಬೇರೆ ದಂಡೆಗಳಲ್ಲಿದ್ದಷ್ಟೇ ಸಲೀಸಾಗಿ ಬೇರೆಯಾಗುತ್ತವೆ. ಈ ಬೇರೆಯಾಗುವ ಪ್ರಮಾಣವನ್ನೇ ಅಳತೆಗೋಲಾಗಿ ಹಿಡಿದು 1913ರಲ್ಲಿ ಆಲ್ಫ್ರೆಡ್ ಸ್ಟರ್ಟೆವಂಟ್ ಹಣ್ಣಿನ ನೊಣದ ಮೊದಲ ಜೀನ್ ನಕ್ಷೆ ಬರೆದರು. 1931ರಲ್ಲಿ ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್‌ಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ವರ್ಣತಂತುವಿನ ತುಂಡು ನಿಜವಾಗಿಯೂ ಅದಲುಬದಲಾಗುವುದನ್ನು ತೋರಿಸಿಕೊಟ್ಟರು.

ಹಾಗಾಗಿ ಹತ್ತು ಲಕ್ಷ ಎಂದು ನಾನು ಕೊಟ್ಟ ಸಂಖ್ಯೆ ತೀರಾ ಕಡಿಮೆಯಾಯಿತು. ಗಂಟು ಬೀಳುವ ಜಾಗ ಪ್ರತಿ ಸಲವೂ ಬೇರೆ. ಅಜ್ಜನ ಮರ ಒಂದೇ ಅಂಡವನ್ನು ಎರಡು ಸಲ ಮಾಡಿರಲಾರದು.

ಆ ಗಂಟಿಗೆ ಇನ್ನೊಂದು ಕೆಲಸವೂ ಇದೆ, ಅದನ್ನು ದಯವಿಟ್ಟು ನೆನಪಿಡಿ. ಕೋಶದ ಎರಡು ತುದಿಗಳಿಂದ ಎಳೆತ ಶುರುವಾದಾಗ ಜೋಡಿಯನ್ನು ಹೊತ್ತಿಗೆ ಮುಂಚೆ ಕಳಚದಂತೆ ಹಿಡಿದಿಡುವುದೂ ಅದೇ ಗಂಟು. ಎರಡೂ ಕಡೆಯ ಎಳೆತ ಸಮವಾದಾಗಲೇ ಜೋಡಿ ನಡುಗೆರೆಯಲ್ಲಿ ನೆಟ್ಟಗೆ ನಿಲ್ಲುವುದು. ಗಂಟು ಬೀಳದ ಅಥವಾ ಸಡಿಲಾದ ಜೋಡಿ ಎತ್ತಲೋ ಹೋಗುತ್ತದೆ. ನಿಮ್ಮ ಅಕ್ಕನ ವಿಷಯದಲ್ಲಿ ಇದು ಬೇಕಾಗುತ್ತದೆ.

ಅದಕ್ಕೆ ಮೊದಲು ಅಡಿಕೆ. ಅಡಿಕೆಯಲ್ಲೂ ಮಿಯಾಸಿಸ್ ತಪ್ಪಿದ್ದಲ್ಲ, ಅದರಲ್ಲಿ 16 ಜೋಡಿ. ಹಿಂಗಾರದಲ್ಲಿ ಗಂಡು ಹೂ ಮೊದಲು ಅರಳಿ ಉದುರುತ್ತದೆ, ಹೆಣ್ಣು ಹೂ ಆಮೇಲೆ ಬಾಯಿ ಬಿಡುತ್ತದೆ. ಹಾಗಾಗಿ ಪರಾಗ ಸಾಮಾನ್ಯವಾಗಿ ಬೇರೆ ಮರದ್ದೇ. ಆದರೂ ಸಸಿ ತಾಯಿಯಂತೆ ತೋರಲು ಕಾರಣ, ನಮ್ಮ ಕಣಿವೆಗಳಲ್ಲಿ ತಲೆತಲಾಂತರದಿಂದ ಒಂದೇ ತಳಿಯ ಬೀಜವನ್ನು ಆರಿಸಿ ಆರಿಸಿ ನೆಟ್ಟಿದ್ದಾರೆ. ತಾಯಿಯೂ ಅದೇ, ಪಕ್ಕದ ತೋಟದ ತಂದೆಯೂ ಅದೇ. ಎರಡು ದಂಡೆಗಳಲ್ಲೂ ಬಹುಪಾಲು ಜಾಗಗಳಲ್ಲಿ ಒಂದೇ ಹೂ ಇದ್ದಮೇಲೆ ಎಷ್ಟು ಕಲಸಿದರೇನು? ಸೂಕ್ಷ್ಮವಾಗಿ ನೋಡಿದರೆ ಅಲ್ಲೂ ವ್ಯತ್ಯಾಸವಿದೆ, ಹಿಂಗಾರದ ಸಂಖ್ಯೆಯಲ್ಲಿ, ಫಸಲು ಶುರುವಾಗುವ ವರ್ಷದಲ್ಲಿ. ಇದಕ್ಕೆ ತದ್ವಿರುದ್ಧ ಉದಾಹರಣೆ ಬೇಕಾದರೆ ವಿಟ್ಲದ ಸಂಶೋಧನಾ ಕೇಂದ್ರದ ಕುಬ್ಜ ಸಂಕರ ಅಡಿಕೆ ಇದೆ. ಹಿರೇಹಳ್ಳಿ ಕುಬ್ಜ ಮತ್ತು ಎತ್ತರದ ತಳಿಯನ್ನು ಕೂಡಿಸಿದ್ದು. ಅದರ ಗೋಟನ್ನು (ಬೀಜಕ್ಕೆ ಬಲಿತ ಅಡಿಕೆಯನ್ನು) ತಂದು ನೀವೇ ಸಸಿ ಮಾಡಿದರೆ ಗಿಡ್ಡ, ಉದ್ದ, ನಡುವಿನವು ಎಲ್ಲ ಕಲಬೆರಕೆಯಾಗಿ ಬರುತ್ತವೆ. ಸಂಕರದ ಬೀಜ ಬಿತ್ತಬೇಡಿ ಎಂದು ಹೇಳುವುದು ಇದಕ್ಕೇ.

ಇನ್ನೂ ನಿಖರವಾದ ಉದಾಹರಣೆ ಕೆಳಗೆ ಅಘನಾಶಿನಿಯ ಅಳಿವೆಯಲ್ಲಿದೆ. ಮಾಣಿಕಟ್ಟಾದ ಗಜನಿಗಳಲ್ಲಿ, ಅಂದರೆ ಅಳಿವೆಯ ತಗ್ಗು ಗದ್ದೆಗಳಲ್ಲಿ, ಉಪ್ಪುನೀರು ತಾಳಿ ಬೆಳೆಯುವ ಕಗ್ಗ ಭತ್ತ. ಭತ್ತದ ಹೂವು ಬಹುಮಟ್ಟಿಗೆ ತನ್ನ ಪರಾಗವನ್ನೇ ತಾನು ಸ್ವೀಕರಿಸುತ್ತದೆ. ಹೀಗೆ ನೂರಾರು ತಲೆಮಾರು ಕಳೆದ ಮೇಲೆ ಜೋಡಿಯ ಎರಡೂ ದಂಡೆಗಳು ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತವೆ. ಅಲ್ಲಿಯೂ ದಂಡೆಗಳು ತಬ್ಬುತ್ತವೆ, ತುಂಡಾಗುತ್ತವೆ, ಗಂಟುಬೀಳುತ್ತವೆ. ಆದರೆ ಮಲ್ಲಿಗೆಯ ಬದಲಿಗೆ ಬಂದದ್ದೂ ಮಲ್ಲಿಗೆಯೇ. ರೈತರು ಕಣಜದ ಬೀಜವನ್ನೇ ಮತ್ತೆ ಬಿತ್ತಿ ಅದೇ ಕಗ್ಗವನ್ನು ಕೊಯ್ಯುವುದು ಹೀಗೆ. ಮಾವಿಗೆ ಈ ದಾರಿಯಿಲ್ಲ. ಹಲವು ಮಾವಿನ ತಳಿಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದೂ ಇಲ್ಲ.

ಬಾಳೆಯನ್ನು ನೀವು ಕೇಳಿಲ್ಲ, ಆದರೂ ಬಿಡಲಾರೆ. ನಮ್ಮ ತೋಟಗಳ ಹೆಚ್ಚಿನ ಬಾಳೆಗಳಲ್ಲಿ ವರ್ಣತಂತು 33: ಹನ್ನೊಂದು ಬಗೆ, ಪ್ರತಿ ಬಗೆಗೂ ಎರಡರ ಬದಲು ಮೂರು ದಂಡೆ. ಮೂರನ್ನು ಇಬ್ಬರಿಗೆ ಸಮನಾಗಿ ಹಂಚುವುದು ಹೇಗೆ? ಒಂದು ಕಡೆಗೆ ಎರಡು, ಇನ್ನೊಂದು ಕಡೆಗೆ ಒಂದು. ಹನ್ನೊಂದು ಬಗೆಗಳಲ್ಲೂ ಈ ಗೊಂದಲ ನಡೆದು, ಕೊನೆಗೆ ಒಂದು ಕೋಶಕ್ಕೆ ಸರಿಯಾಗಿ ಹನ್ನೊಂದೋ ಇಪ್ಪತ್ತೆರಡೋ ಬರುವ ಸಾಧ್ಯತೆ 1024ರಲ್ಲಿ ಒಂದು. ಪರಾಗ, ಅಂಡ ಎರಡೂ ಹೀಗೆ ಕೆಟ್ಟ ಮೇಲೆ ಬೀಜ ಎಲ್ಲಿಂದ ಬರಬೇಕು? ಪರಾಗಸ್ಪರ್ಶವಿಲ್ಲದೆಯೂ ತಿರುಳು ತುಂಬುವ ಗುಣ ಬಾಳೆಗಿರುವುದರಿಂದ ನಮಗೆ ಹಣ್ಣು ಸಿಗುತ್ತದೆ, ಮುಂದಿನ ಗಿಡಕ್ಕೆ ಕಂದು ಇದೆ. ಘಟ್ಟದ ಬಂಡೆಗಳಲ್ಲಿ ಬೆಳೆಯುವ ಕಲ್ಲುಬಾಳೆಯನ್ನು ಸೀಳಿ ನೋಡಿ, ಒಳಗೆ ತುಂಬ ಕಪ್ಪು ಬೀಜ. ಅದು ಬೇರೆ ಕುಲದ್ದು, ಅದರ ಜೋಡಿಗಳು ಜೋಡಿಯಾಗಿಯೇ ಇವೆ.

ನೀವು "ಒಂದೊಂದೇ ಮೊಳಕೆ" ಎಂದು ಬರೆದದ್ದು ಒಳ್ಳೆಯದಾಯಿತು. ಪಶ್ಚಿಮ ಕರಾವಳಿಯ ಕೆಲವು ಮಾವುಗಳಲ್ಲಿ, ಒಳೂರು, ಬಪ್ಪಕಾಯಿ ಇಂಥವುಗಳಲ್ಲಿ, ಒಂದು ವಾಟೆಯಿಂದ ಮೂರು ನಾಲ್ಕು ಮೊಳಕೆ ಹೊರಡುತ್ತವೆ. ಅವುಗಳಲ್ಲಿ ಹೆಚ್ಚಿನವು ಅಂಡದಿಂದ ಬಂದವಲ್ಲ, ಅಂಡಕದಲ್ಲಿರುವ ತಾಯಿಯ ಮೈಯಿಂದಲೇ ಒಡೆದವು. ಅರ್ಧವಾಗುವ ವಿಭಜನೆಯನ್ನು ದಾಟದೆ ಬಂದದ್ದರಿಂದ ಅವು ತಾಯಿಯ ಪಡಿಯಚ್ಚು. ನಿಮ್ಮ ವಾಟೆಗಳು ಆ ಬಗೆಯವಲ್ಲ.

ಈಗ ನಿಮ್ಮ ಅಕ್ಕನ ವಿಷಯ. ಇದನ್ನು ಅವರಿಗೆ ಓದಿ ಹೇಳಿ, ಅವರಿಗೆ ಹಾಗೆ ಮಾತನಾಡಿದವರಿಗೂ ಓದಿ ಹೇಳಿ.

ಮನುಷ್ಯರಲ್ಲಿ 46 ವರ್ಣತಂತು, 23 ಜೋಡಿ. 1956ರಲ್ಲಿ ಟ್ಜಿಯೊ ಮತ್ತು ಲೆವಾನ್ ಎಂಬವರು ಸರಿಯಾಗಿ ಎಣಿಸುವವರೆಗೆ 48 ಎಂದೇ ಲೋಕ ನಂಬಿತ್ತು. ಮೂರು ವರ್ಷದ ಬಳಿಕ, 1959ರಲ್ಲಿ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಿರುತ್ತದೆ ಎಂದು ಪ್ಯಾರಿಸ್ಸಿನಿಂದ ಪ್ರಕಟವಾಯಿತು. ನೂರಕ್ಕೆ ಸುಮಾರು 95 ಮಕ್ಕಳಲ್ಲಿ ಇದು ಆಗುವುದು ಹೀಗೆ: ಅಂಡ ಅಥವಾ ವೀರ್ಯ ತಯಾರಾಗುವಾಗ 21ನೆಯ ಜೋಡಿ ಬೇರ್ಪಡದೆ ಎರಡೂ ಒಂದೇ ಕಡೆಗೆ ಹೋಗಿಬಿಡುತ್ತವೆ. ಸಂಗಾತಿಯ ಕಡೆಯಿಂದ ಇನ್ನೊಂದು ಬಂದು ಮೂರಾಗುತ್ತದೆ. ಅಜ್ಜನಿಂದ ಬಂದ ಕಾಯಿಲೆಯಲ್ಲ, ಮನೆತನದಲ್ಲಿ ಅಡಗಿದ್ದ ದೋಷವಲ್ಲ. ಆ ಒಂದು ಕೋಶದಲ್ಲಿ, ಆ ಒಂದು ಹೊತ್ತಿನಲ್ಲಿ ನಡೆದದ್ದು. ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೂ, ಬಸುರಿಯಲ್ಲಿ ತಿಂದದ್ದಕ್ಕೂ, ಅತ್ತದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಗರ್ಭ ನಿಲ್ಲುವ ಹೊತ್ತಿಗೆ ಆ ಹಂಚಿಕೆ ಮುಗಿದೇಹೋಗಿರುತ್ತದೆ.

ಹೆಚ್ಚಿನ ಸಲ ಇದು ಅಂಡದಲ್ಲಿ ಆಗುತ್ತದೆ ಎಂಬುದು ನಿಜ. ಏಕೆಂದು ತಿಳಿದರೆ ಯಾರೂ ತಾಯಿಯನ್ನು ದೂರಲಾರರು. ಹೆಣ್ಣುಮಗುವಿನ ಅಂಡಗಳಲ್ಲಿ ಮಿಯಾಸಿಸ್ ಶುರುವಾಗುವುದು ಅವಳು ಹುಟ್ಟುವ ಮೊದಲೇ. ನಿಮ್ಮ ಅಕ್ಕ ನಿಮ್ಮ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವರ ಅಂಡಗಳ ಒಳಗೆ ದಂಡೆಗಳು ತಬ್ಬಿ, ತುಂಡಾಗಿ, ಗಂಟುಬಿದ್ದಿದ್ದವು. ಅಲ್ಲಿಗೆ ಕೆಲಸ ನಿಂತುಬಿಡುತ್ತದೆ. ಆ ಮಗು ಹುಟ್ಟಿ, ಬೆಳೆದು, ಮದುವೆಯಾಗಿ, ಆ ತಿಂಗಳು ಆ ಅಂಡ ಬಿಡುಗಡೆಯಾಗುವ ಹೊತ್ತಿಗಷ್ಟೇ ಮುಂದುವರಿಯುತ್ತದೆ. ಇಪ್ಪತ್ತೈದು, ಮೂವತ್ತೈದು, ನಲವತ್ತು ವರ್ಷ ಆ ಗಂಟುಗಳು ಕಾಯಬೇಕು. ದಂಡೆಗಳನ್ನು ಅಂಟಿಸಿ ಹಿಡಿದಿರುವ ಪ್ರೋಟೀನು ಅಷ್ಟು ವರ್ಷಗಳಲ್ಲಿ ಸವೆಯುತ್ತದೆ, ಗಂಟು ಸಡಿಲಾಗುತ್ತದೆ. ತಾಯಿಗೆ 25 ಇದ್ದಾಗ ಸುಮಾರು 1250 ಹೆರಿಗೆಗೆ ಒಂದರಂತೆ, 35ರಲ್ಲಿ ಸುಮಾರು 350ಕ್ಕೆ ಒಂದರಂತೆ, 40ರಲ್ಲಿ ಸುಮಾರು 100ಕ್ಕೆ ಒಂದರಂತೆ ಇಂಥ ಮಗು ಹುಟ್ಟುವುದು ಇದರಿಂದ. ಚಿಕ್ಕ ವಯಸ್ಸಿನ ತಾಯಂದಿರಿಗೂ ಆಗುತ್ತದೆ, ಅವರಲ್ಲಿ ಹೆರಿಗೆಗಳೇ ಹೆಚ್ಚಾದ್ದರಿಂದ ಒಟ್ಟು ಮಕ್ಕಳ ಸಂಖ್ಯೆ ಅವರ ಮಡಿಲಲ್ಲೇ ಜಾಸ್ತಿ.

ಒಂದೇ ಒಂದು ಪರೀಕ್ಷೆ ಮಾಡಿಸಲು ಹೇಳಿ. ಮಗುವಿನ ರಕ್ತದಿಂದ ವರ್ಣತಂತುಗಳ ಚಿತ್ರ ತೆಗೆಯುವ ಕ್ಯಾರಿಯೋಟೈಪ್ ಪರೀಕ್ಷೆ. ಈಗಾಗಲೇ ಆಗಿದ್ದರೆ ವರದಿಯನ್ನು ತೆಗೆದು ನೋಡಿ. ನೂರಕ್ಕೆ ಮೂರು ನಾಲ್ಕು ಮಕ್ಕಳಲ್ಲಿ 21ನೆಯ ವರ್ಣತಂತುವಿನ ಹೆಚ್ಚಿನ ತುಂಡು ಬೇರೊಂದು ವರ್ಣತಂತುವಿಗೆ ಅಂಟಿಕೊಂಡಿರುತ್ತದೆ. ಅದು ಮಾತ್ರ ಕೆಲವೊಮ್ಮೆ ತಂದೆ ಅಥವಾ ತಾಯಿಯಿಂದ ಬಂದಿರಬಹುದು, ಆಗ ಇಬ್ಬರ ರಕ್ತವನ್ನೂ ನೋಡಬೇಕು. ವರದಿಯಲ್ಲಿ 21ನೆಯದು ಮೂರು ಬಿಡಿಬಿಡಿಯಾಗಿ ಕಂಡರೆ ಮತ್ತೊಂದು ಮಗುವಿಗೂ ಹೀಗೆ ಆಗುವ ಸಾಧ್ಯತೆ ಸುಮಾರು ನೂರಕ್ಕೆ ಒಂದು, ತಾಯಿಯ ವಯಸ್ಸು ಹೆಚ್ಚಿದ್ದರೆ ಆ ವಯಸ್ಸಿಗಿರುವಷ್ಟು. ಮಗುವಿನ ಹೃದಯ, ಥೈರಾಯಿಡ್, ಕಿವಿ, ಕಣ್ಣು ಇವುಗಳ ತಪಾಸಣೆ ತಪ್ಪಿಸಬಾರದು. ಮಾತು, ನಡಿಗೆ ಕಲಿಸುವ ತರಬೇತಿ ಎಷ್ಟು ಬೇಗ ಶುರುವಾದರೆ ಅಷ್ಟು ಅನುಕೂಲ.

ಇನ್ನು ಅಜ್ಜನ ಮರ. ಅದನ್ನು ಅದೇ ಮರವಾಗಿ ಉಳಿಸಿಕೊಳ್ಳುವ ದಾರಿ ಒಂದೇ: ಹೂವನ್ನು ದಾಟದೆ, ಕುಡಿಯಿಂದಲೇ ಮುಂದಿನ ಗಿಡ ಮಾಡುವುದು. ಕಸಿ. ಕುಡಿಯ ಪ್ರತಿ ಕೋಶದಲ್ಲೂ ನಲವತ್ತಕ್ಕೆ ನಲವತ್ತು ದಂಡೆಗಳು ಅಜ್ಜನ ಕಾಲದಲ್ಲಿದ್ದ ಹಾಗೆಯೇ ಇವೆ. ವಾಲಿದ ಮರವನ್ನು ಮಳೆಗಾಲ ಏನು ಮಾಡುತ್ತದೋ ಹೇಳಲಾಗದು, ಆದ್ದರಿಂದ ತಡಮಾಡಬೇಡಿ. ಬೇರೆ ಯಾವುದೇ ಗಟ್ಟಿ ಮಾವಿನ ವಾಟೆಗಳನ್ನು ಐವತ್ತಾದರೂ ಚೀಲದಲ್ಲಿ ಹುಗಿಯಿರಿ. ಹಸಿರು ಹರೆಯಲ್ಲಿ ಮೂರು ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ಕುಡಿಗಳನ್ನು ಗುರುತಿಸಿ. ಕೊಯ್ಯುವ ಎಂಟು ಹತ್ತು ದಿನ ಮೊದಲು ಅವುಗಳ ಎಲೆಗಳನ್ನು, ತೊಟ್ಟಿನ ಚೂರು ಬಿಟ್ಟು, ಕತ್ತರಿಸಿಹಾಕಿ. ತುದಿಮೊಗ್ಗು ಉಬ್ಬಿ ಇನ್ನೂ ಒಡೆಯದಿದ್ದಾಗ ಒಂದು ಗೇಣುದ್ದ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ವಾಟೆಗಿಡದ ಎಲೆ ತಾಮ್ರದ ಬಣ್ಣದಲ್ಲಿರುವಾಗ ತಲೆ ಕತ್ತರಿಸಿ, ನಡುವೆ ಸೀಳಿ, ಬೆಣೆಯ ಹಾಗೆ ಕೆತ್ತಿದ ಕುಡಿಯನ್ನು ಸಿಪ್ಪೆಗೆ ಸಿಪ್ಪೆ ಕೂಡುವಂತೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಕೈಯಲ್ಲಿ ಆಗದಿದ್ದರೆ ಊರಿನಲ್ಲಿ ಕಸಿ ಬಲ್ಲವರು ಇದ್ದೇ ಇರುತ್ತಾರೆ. ಎಲ್ಲವೂ ಹತ್ತುವುದಿಲ್ಲ, ಐವತ್ತರಲ್ಲಿ ಇಪ್ಪತ್ತು ಹತ್ತಿದರೂ ದೊಡ್ಡದು. ಹತ್ತಿದ್ದನ್ನೆಲ್ಲ ಒಂದೇ ಕಡೆ ನೆಡಬೇಡಿ, ನೆಂಟರ ಬೆಟ್ಟದಲ್ಲೂ ಎರಡೆರಡು ಇರಲಿ.

ಎಂಟು ಮರಗಳನ್ನು ಕಡಿಯಬೇಡಿ. ಅಜ್ಜನ ಮರವೂ ಒಂದು ಕಾಲಕ್ಕೆ ಹಳ್ಳದ ನೆರೆಯಲ್ಲಿ ತೇಲಿಬಂದ ಯಾವುದೋ ವಾಟೆಯೇ ಆಗಿದ್ದೀತು. ಅದರ ತಾಯಿಯಲ್ಲಿ ಆ ಜೀರಿಗೆಯ ಪರಿಮಳ ಇತ್ತೆಂದು ಹೇಳುವವರಿಲ್ಲ. ಪರಿಮಳದ ಮರ ಮತ್ತು ಗಟ್ಟಿ ಮಿಡಿಯ ಮರ ಎರಡೂ ನಿಮ್ಮಲ್ಲೇ ಇವೆ. ಒಂದರ ಹೂವಿಗೆ ಇನ್ನೊಂದರ ಪರಾಗ ಮುಟ್ಟಿಸಿ, ಆ ಗೊಂಚಲಿಗೆ ತೆಳುಬಟ್ಟೆ ಕಟ್ಟಿ, ಬಂದ ವಾಟೆಗಳನ್ನು ಬೇರೆಯಾಗಿ ಹುಗಿದು ನೋಡುವ ತಾಳ್ಮೆ ನಿಮಗಿದ್ದರೆ ಬರುವ ಮಾಘದಲ್ಲಿ, ಮರ ಹೂಬಿಟ್ಟ ಹೊತ್ತಿಗೆ, ಒಂದು ಪತ್ರ ಹಾಕಿ. ಕೈಮಸೂರ ಮತ್ತು ಚಿಮಟ ಹಿಡಿದು ನಾನೇ ಬರುತ್ತೇನೆ.